ತಡವಾಗಿ ಬಂದ ಬೆಳಕಿಗೂ ಸ್ಪಂದಿಸುವ ಮಿದುಳು

ನೋಡುವುದು ಕೇವಲ ಕಣ್ಣಿನ ಕೆಲಸವಲ್ಲ. ಕಣ್ಣು ಬೆಳಕನ್ನು ನರಸಂದೇಶವಾಗಿ ಪರಿವರ್ತಿಸಿ ಕಳುಹಿಸುತ್ತದೆ. ಅದರಿಂದ ಆಕಾರ, ದೂರ, ಮುಖಗಳನ್ನು ಗುರುತಿಸುವುದು ಮಿದುಳು. ಈ ಸಾಮರ್ಥ್ಯ ಹುಟ್ಟುವಾಗಲೇ ಪೂರ್ಣವಾಗಿರುವುದಿಲ್ಲ. ನೋಡುತ್ತ ನೋಡುತ್ತಲೇ ಅದು ರೂಪುಗೊಳ್ಳುತ್ತದೆ. ಅನುಭವಕ್ಕೆ ತಕ್ಕಂತೆ ನರಕೋಶಗಳ ಸಂಪರ್ಕಗಳು ಬದಲಾಗುವ ಈ ಗುಣವನ್ನು ಮಿದುಳಿನ ನಮ್ಯತೆ ಎನ್ನುತ್ತಾರೆ.

ಈ ನಮ್ಯತೆಗೆ ಕಾಲಮಿತಿಯಿದೆ ಎಂಬುದನ್ನು 1960ರ ದಶಕದಲ್ಲಿ ತೋರಿಸಿಕೊಟ್ಟವರು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್. ಬೆಕ್ಕಿನ ಮರಿಯ ಒಂದು ಕಣ್ಣನ್ನು ಕೆಲಕಾಲ ಮುಚ್ಚಿ ಮತ್ತೆ ತೆರೆದಾಗ, ಮಿದುಳಿನ ದೃಷ್ಟಿ ವಲಯದ ಬಹುತೇಕ ನರಕೋಶಗಳು ಆ ಕಣ್ಣಿಗೆ ಸ್ಪಂದಿಸಲಿಲ್ಲ. ಬೆಳೆದ ಬೆಕ್ಕಿನಲ್ಲಿ ಅಂತಹ ಹಾನಿ ಕಾಣಲಿಲ್ಲ. ದೃಷ್ಟಿ ವ್ಯವಸ್ಥೆಯ ಕುರಿತ ಸಂಶೋಧನೆಗಾಗಿ 1981ರಲ್ಲಿ ಇವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಎಳವೆಯ ಆ 'ನಿರ್ಣಾಯಕ ಅವಧಿ' ಮುಗಿದ ಮೇಲೆ ಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂಬ ಅಭಿಪ್ರಾಯವೂ ವೈದ್ಯರಲ್ಲಿ ಬೇರೂರಿತು. ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಸಿಗದ, ಹುಟ್ಟಿನಿಂದಲೇ ಕಣ್ಣಿನ ಪೊರೆ ಇರುವ ಬಡಮಕ್ಕಳ ಪಾಲಿಗೆ ಇದು ಕಠೋರ ತೀರ್ಪಾಗಿತ್ತು.

ಈ ತೀರ್ಪನ್ನು ಪ್ರಶ್ನಿಸಿದ್ದು ಅಮೆರಿಕದ ಎಂಐಟಿಯ ನರವಿಜ್ಞಾನಿ ಪವನ್ ಸಿನ್ಹಾ ಭಾರತದಲ್ಲಿ ಆರಂಭಿಸಿದ 'ಪ್ರಾಜೆಕ್ಟ್ ಪ್ರಕಾಶ್'. ಹುಟ್ಟುಕುರುಡರಾಗಿದ್ದು ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಪಡೆದ 8ರಿಂದ 17 ವರ್ಷದ ಐವರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೈಯಿಂದ ಮುಟ್ಟಿ ತಿಳಿದ ವಸ್ತುವನ್ನು ಆರಂಭದಲ್ಲಿ ಅವರು ಕಣ್ಣಿನಿಂದ ಗುರುತಿಸಲಾರದೆ ಹೋದರು. ಆದರೆ ಮರುಪರೀಕ್ಷೆಗೆ ಒಳಗಾದವರು ಕೆಲವೇ ದಿನಗಳಲ್ಲಿ ಗಣನೀಯ ಸುಧಾರಣೆ ತೋರಿದರು. ವರ್ಷಗಟ್ಟಲೆ ಕತ್ತಲಲ್ಲಿದ್ದ ಮಿದುಳೂ ನೋಡಲು ಕಲಿಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

'ಸೋಮಾರಿ ಕಣ್ಣು' ಎಂದು ಕರೆಯಲಾಗುವ ಅಂಬ್ಲಿಯೋಪಿಯಾದಲ್ಲೂ ಇದೇ ಪಾಠವಿದೆ. ಇಲ್ಲಿ ಮಿದುಳು ಒಂದು ಕಣ್ಣಿನ ಸಂದೇಶವನ್ನು ಕಡೆಗಣಿಸುತ್ತದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ದುರ್ಬಲ ಕಣ್ಣಿಗೆ ಕೆಲಸ ಕೊಡುವುದು ಇದರ ಚಿಕಿತ್ಸೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, 7ರಿಂದ 12 ವರ್ಷದವರಲ್ಲಿ ಕನ್ನಡಕದೊಂದಿಗೆ ಪಟ್ಟಿ ಹಾಗೂ ಅಟ್ರೋಪಿನ್ ಹನಿಗಳನ್ನು ಬಳಸಿದಾಗ ಶೇ. 53ರಷ್ಟು ಮಕ್ಕಳ ದೃಷ್ಟಿ ಸುಧಾರಿಸಿತು. ಕನ್ನಡಕ ಮಾತ್ರ ಧರಿಸಿದವರಲ್ಲಿ ಈ ಪ್ರಮಾಣ ಶೇ. 25.

ಹಾಗೆಂದು ವಿಳಂಬಕ್ಕೆ ಇದು ಪರವಾನಗಿಯಲ್ಲ. ತಡವಾಗಿ ಚಿಕಿತ್ಸೆ ಪಡೆದವರ ದೃಷ್ಟಿ ಸಾಮಾನ್ಯವಾಗಿ ಪೂರ್ಣ ತೀಕ್ಷ್ಣತೆ ಮುಟ್ಟುವುದಿಲ್ಲ. ಮಗುವಿನ ಕಣ್ಣಪಾಪೆ ಬೆಳ್ಳಗೆ ಕಂಡರೆ, ಮೆಳ್ಳಗಣ್ಣು ಇದ್ದರೆ ತಕ್ಷಣವೇ ನೇತ್ರವೈದ್ಯರಿಗೆ ತೋರಿಸಬೇಕು. ಕಾಲ ಮೀರಿದೆ ಎಂಬ ಒಂದೇ ಕಾರಣಕ್ಕೆ ಕೈಚೆಲ್ಲುವುದೂ ಸಲ್ಲದು.