ಹಿಂಡಿನೊಳಗೊಂದು ಚಿಕ್ಕ ಹೆಬ್ಬಾತು: ಗುರುತು ತಪ್ಪಿದರೆ ಜೀವಕ್ಕೇ ಕುತ್ತು

ಸೋಲಾಪುರ: ಚಳಿಗಾಲ ಬಂತೆಂದರೆ ಭೀಮಾ ನದಿಯ ಉಜನಿ ಜಲಾಶಯದ ಹಿನ್ನೀರಿನಲ್ಲಿ ಹೆಬ್ಬಾತುಗಳ ಹಿಂಡು ಇಳಿಯುತ್ತದೆ. ಮರಾಠಿಯಲ್ಲಿ ಪಟ್ಟಕದಂಬ, ಕನ್ನಡದಲ್ಲಿ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಈ ಅತಿಥಿಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಹೋಗುತ್ತವೆ. ನೋಡಲು ಹೋದವರಲ್ಲಿ ‘ಎಲ್ಲಾ ಒಂದೇ ಥರ ಅದಾವಲ್ರಿ’ ಅಂತ ಐದು ನಿಮಿಷಕ್ಕೆ ಹಿಂದಿರುಗುವವರೇ ಜಾಸ್ತಿ.

ಆದರೆ ಪಕ್ಷಿ ವೀಕ್ಷಣೆಯಲ್ಲಿ ಪಳಗಿದವರು ಹಾಗೆ ಮಾಡೋದಿಲ್ಲ. ಹಿಂಡಿನ ಒಂದೊಂದೇ ಹಕ್ಕಿಯ ಮೇಲೆ ದುರ್ಬೀನು ಹಾಯಿಸುತ್ತಾರೆ. ಯಾಕೆಂದರೆ ಒಂದೇ ಥರ ಕಾಣುವ ಹಿಂಡಿನಲ್ಲಿ ಬೇರೆ ಜಾತಿಯ ಅಪರೂಪದ ಹಕ್ಕಿಯೂ ಸೇರಿಕೊಂಡಿರಬಹುದು. ಯುರೋಪ್ ಮತ್ತು ಮಧ್ಯ ಏಷ್ಯಾದಲ್ಲಿ ಅಂಥ ಒಂದು ಹಕ್ಕಿಗೆ ಈ ಹೋಲಿಕೆಯೇ ಶಾಪವಾಗಿದೆ. ಅದರ ಹೆಸರು ಚಿಕ್ಕ ಬಿಳಿಹಣೆ ಹೆಬ್ಬಾತು. ಭಾರತಕ್ಕೆ ಅದು ಬರುವುದು ತೀರಾ ಅಪರೂಪ.

ಎರಡರ ವ್ಯತ್ಯಾಸ

ಇದಕ್ಕೊಬ್ಬ ದೊಡ್ಡಣ್ಣ ಇದ್ದಾನೆ, ದೊಡ್ಡ ಬಿಳಿಹಣೆ ಹೆಬ್ಬಾತು. ಎರಡಕ್ಕೂ ಕಂದು ಮೈ, ಕಿತ್ತಳೆ ಕಾಲು, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆ, ಹೊಟ್ಟೆಯ ಮೇಲೆ ಕಪ್ಪು ಪಟ್ಟೆ. ದೊಡ್ಡದರ ಉದ್ದ 65ರಿಂದ 78 ಸೆಂ.ಮೀ., ಚಿಕ್ಕದು 53ರಿಂದ 66 ಸೆಂ.ಮೀ. ಅಂದರೆ ದೊಡ್ಡ ಜಾತಿಯ ಸಣ್ಣ ಹಕ್ಕಿ ಮತ್ತು ಚಿಕ್ಕ ಜಾತಿಯ ದೊಡ್ಡ ಹಕ್ಕಿ ಪಕ್ಕಪಕ್ಕ ನಿಂತರೆ ಅಳತೆಯಿಂದ ಹೇಳಲಾಗದು.

ಹಾಗಾಗಿ ಗಾತ್ರ ನೋಡಿ ಅನುಮಾನ ಪಡಬೇಕು, ಮುಖ ನೋಡಿ ತೀರ್ಮಾನಿಸಬೇಕು. ಚಿಕ್ಕದರ ಕಣ್ಣಿನ ಸುತ್ತ ಎದ್ದು ಕಾಣುವ ಹಳದಿ ಉಂಗುರ ಇರುತ್ತದೆ. ಹಣೆಯ ಬಿಳುಪು ನೆತ್ತಿಯವರೆಗೆ ಏರುತ್ತದೆ. ಕೊಕ್ಕು ಗಿಡ್ಡ, ಬಣ್ಣ ಗುಲಾಬಿ. ಹಣೆ ಕಡಿದಾಗಿ ಎದ್ದಿರುತ್ತದೆ. ಮಡಚಿದ ರೆಕ್ಕೆಯ ತುದಿ ಬಾಲ ದಾಟಿ ಹೊರಗೆ ಚಾಚುತ್ತದೆ. ದೊಡ್ಡ ಜಾತಿಯ ಕೆಲವು ಹಕ್ಕಿಗಳಿಗೂ ಮಂಕಾದ ಉಂಗುರ ಇರುವುದುಂಟು. ಮೊದಲ ಚಳಿಗಾಲದ ಮರಿಗೆ ಹಣೆಯ ಬಿಳುಪು, ಹೊಟ್ಟೆಯ ಪಟ್ಟೆ ಮೂಡಿರುವುದೇ ಇಲ್ಲ. ಆದ್ದರಿಂದ ಒಂದೇ ಲಕ್ಷಣ ನಂಬಿ ಹೆಸರು ಕೂಗಬಾರದು.

ಬಂದೂಕಿಗೆ ಉಂಗುರ ಕಾಣದು

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗದಲ್ಲಿ ಕಳೆದ ಶತಮಾನದ ಆರಂಭದಲ್ಲಿ ಚಿಕ್ಕ ಬಿಳಿಹಣೆ ಸುಮಾರು 10 ಸಾವಿರ ಇದ್ದವೆಂದು ಅಂದಾಜು. ಈಗ ಅಲ್ಲಿನ ಮೂಲ ಹಿಂಡು ತೀರಾ ಕ್ಷೀಣಿಸಿದೆ. ವಲಸೆಯ ದಾರಿಯಲ್ಲಿನ ಬೇಟೆ ಇದಕ್ಕೆ ಮುಖ್ಯ ಕಾರಣ ಎಂದು 2008ರ ಅಂತಾರಾಷ್ಟ್ರೀಯ ಸಂರಕ್ಷಣಾ ಯೋಜನೆ ಗುರುತಿಸಿತು. ರಷ್ಯಾ, ಕಜಕಸ್ತಾನಗಳಲ್ಲಿ ದೊಡ್ಡ ಬಿಳಿಹಣೆಯ ಬೇಟೆಗೆ ಅವಕಾಶವಿದೆ, ಚಿಕ್ಕದಕ್ಕೆ ರಕ್ಷಣೆ ಇದೆ. ಎರಡೂ ಒಟ್ಟಿಗೆ ಹಾರುತ್ತವೆ. ಮಬ್ಬು ಬೆಳಕಿನಲ್ಲಿ ತಲೆಯ ಮೇಲೆ ಹಾದುಹೋಗುವ ಹಿಂಡಿಗೆ ಗುರಿ ಇಟ್ಟವನಿಗೆ ಕಣ್ಣುಂಗುರ ಎಲ್ಲಿ ಕಾಣಬೇಕು? ಕಾನೂನು ಕಾಗದದ ಮೇಲಿದ್ದರೂ ಹಕ್ಕಿ ಕೆಳಗೆ ಬಿದ್ದಿರುತ್ತದೆ.

ಸ್ವೀಡನ್ನಿನಲ್ಲಿ 1981ರಲ್ಲಿ ಒಂದು ಉಪಾಯ ಹೂಡಿದರು. ಚಿಕ್ಕ ಬಿಳಿಹಣೆಯ ಮರಿಗಳನ್ನು ಬಾರ್ನಕಲ್ ಎಂಬ ಬೇರೆ ಜಾತಿಯ ಹೆಬ್ಬಾತುಗಳಿಂದ ಸಾಕಿಸಿದರು. ಸಾಕುತಂದೆ ತಾಯಿಯ ಬೆನ್ನು ಹತ್ತಿದ ಮರಿಗಳು ಅಪಾಯದ ದಾರಿ ಬಿಟ್ಟು ನೆದರ್ಲೆಂಡ್ಸ್‌ಗೆ ಹೋಗಿ ಚಳಿಗಾಲ ಕಳೆಯಲು ಕಲಿತವು. ಆದರೆ ಸಾಕಣೆಯ ಹಕ್ಕಿಗಳಲ್ಲಿ ದೊಡ್ಡ ಬಿಳಿಹಣೆಯ ರಕ್ತ ಬೆರೆತಿರುವುದು ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗಿ, 1999ರ ನಂತರ ಆ ಹಕ್ಕಿಗಳನ್ನು ಬಿಡುವುದು ನಿಂತಿತು. ಮುಂದೆ ರಷ್ಯಾದ ಕಾಡುಹಕ್ಕಿಗಳ ಸಂತತಿ ತಂದು ಕೆಲಸ ಮುಂದುವರಿಸಿದರು.

ನಮ್ಮ ಕಡೆ ನೋಡುವಾಗ

ಇದೇ ಕ್ರಮ ನಮ್ಮ ಹಿನ್ನೀರಿಗೂ ಅನ್ವಯಿಸುತ್ತದೆ. ಪಟ್ಟೆತಲೆಯ ದೊಡ್ಡ ಹಕ್ಕಿಗೆ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ. ಮರಿಗೆ ಆ ಪಟ್ಟೆ ಇರುವುದಿಲ್ಲ, ನೆತ್ತಿ ಕಂದಾಗಿರುತ್ತದೆ. ‘ಬ್ಯಾರೆ ಜಾತಿ ಬಂತು’ ಎಂದು ಹೇಳುವ ಮೊದಲು ಇದು ನೆನಪಿರಲಿ. ಅನುಮಾನ ಬಂದ ಹಕ್ಕಿಯನ್ನು ಪಕ್ಕದಲ್ಲೇ, ಅಷ್ಟೇ ದೂರದಲ್ಲಿ ನಿಂತ ಹಕ್ಕಿಯ ಜೊತೆ ಹೋಲಿಸಿ. ಕೊಕ್ಕು, ಹಣೆ, ಕಣ್ಣು, ಕಾಲು, ರೆಕ್ಕೆ ತುದಿ, ಇವಿಷ್ಟೂ ಬರುವಂತೆ ಫೋಟೋ ತೆಗೆಯಿರಿ.

ಕೊರಳಲ್ಲಿ ಪ್ಲಾಸ್ಟಿಕ್ ಪಟ್ಟಿ ಕಂಡರೆ ಬಣ್ಣ, ಅಕ್ಷರ, ಅಂಕಿ ಬರೆದಿಟ್ಟುಕೊಳ್ಳಿ. ಮಂಗೋಲಿಯಾದಲ್ಲಿ ಹೀಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅವು ಎಲ್ಲಿಂದ ಎಲ್ಲಿಗೆ ಬಂದವೆಂದು ತಿಳಿದದ್ದು ದಡದಲ್ಲಿ ನಿಂತು ಅಂಕಿ ಓದಿದವರಿಂದ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹೆಬ್ಬಾತು ಬೇಟೆ ಅಪರಾಧ. ಫೋಟೋಕ್ಕಾಗಿ ಕಲ್ಲೆಸೆದು, ಬೋಟ್ ನುಗ್ಗಿಸಿ ಹಿಂಡು ಎಬ್ಬಿಸುವುದೂ ಬೇಡ. ಎದ್ದ ಹಿಂಡಿನಲ್ಲಿ ಅಪರೂಪದ ಹಕ್ಕಿ ಯಾರ ಕಣ್ಣಿಗೂ ಸಿಗುವುದಿಲ್ಲ.