ಫೈಲಿಗೆ ಸಿಗದ ಮಾಸ್ತರು

ಬೆಳಗಿನ ಹೊತ್ತು ಯಲವಿಗಿ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯುವವರ ನಡುವೆ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರನ್ನು ಗುರುತಿಸುವುದು ಕಷ್ಟವಲ್ಲ. ಅವರ ಮಾತಿಗೆ ಒಂದಿಷ್ಟು ಕಿವಿಗೊಡಿ. ಯಾರ ಪಾಠ ತಿಳಿಯುತ್ತದೆ, ಯಾರ ಕ್ಲಾಸಿನಲ್ಲಿ ಬರೀ ಅಟೆಂಡೆನ್ಸಿಗಾಗಿ ಕೂರಬೇಕು ಎಂಬ ಪೂರ್ತಿ ವರದಿ ಗುಡಗೇರಿ ಬರುವಷ್ಟರಲ್ಲಿ ಸಿಕ್ಕಿರುತ್ತದೆ. “ಆ ಸರ್ ಹೇಳಿದ್ರ ಸೀದಾ ತಲಿಗೆ ಹೋಗ್ತದಲೇ” ಎಂಬುದಕ್ಕಿಂತ ದೊಡ್ಡ ಬಿರುದು ಒಬ್ಬ ಲೆಕ್ಚರರ್‌ಗೆ ಸಿಗಲಾರದು. ತೊಂದರೆ ಏನೆಂದರೆ, ಈ ಬಿರುದು ಬೋಗಿಯಿಂದ ಕೆಳಗಿಳಿಯುವುದೇ ಇಲ್ಲ.

ಅದೇ ಗಾಡಿ ಸಂಶಿ ದಾಟಿ ಕುಂದಗೋಳಕ್ಕೆ ಬರುತ್ತದೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು ಸವಾಯಿ ಗಂಧರ್ವರ ಮುಂದೆ ಕೂತು ಕಲಿತ ಊರು ಇದು. ಭೀಮಸೇನ ಜೋಶಿ ಕಲಿತದ್ದೂ ಅವರ ಬಳಿಯೇ. ಗುರು ತೀರಿಕೊಂಡದ್ದು 1952ರಲ್ಲಿ; ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಸಂಗೀತದಲ್ಲಿ ಶಿಷ್ಯ ಬಾಯಿ ತೆರೆದರೆ ಗುರು ಕೇಳಿಸುತ್ತಾನೆ. ಎಂಜಿನಿಯರಿಂಗ್‌ನಲ್ಲಿ ಆ ಭಾಗ್ಯವಿಲ್ಲ. ಸೇತುವೆ ಗಟ್ಟಿಯಾಗಿ ನಿಂತರೆ ಕಂತ್ರಾಟುದಾರನ ಹೆಸರು ಕಲ್ಲಿನ ಮೇಲೆ ಬರುತ್ತದೆ, ಮಂತ್ರಿಯ ಹೆಸರು ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಆ ಎಂಜಿನಿಯರನಿಗೆ ಸ್ಟ್ರೆಂಥ್ ಆಫ್ ಮಟೀರಿಯಲ್ಸ್ ಕಲಿಸಿದ್ದು ಯಾರೆಂದು ಯಾರು ಕೇಳಿದ್ದಾರೆ?

ಒಮ್ಮೊಮ್ಮೆ ಶಿಷ್ಯರು ಹೇಳುತ್ತಾರೆ, ತಡವಾಗಿ. ಪಕ್ಕದ ಶಿಗ್ಗಾಂವಿಯಲ್ಲಿ 1950ರಲ್ಲಿ ಹುಟ್ಟಿದ ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿಗೆ ಸೇರಿದಾಗ ತರಗತಿಯಲ್ಲಿ ಇದ್ದ ಹುಡುಗಿ ಅವರೊಬ್ಬರೇ. ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಎಂಬ ಪ್ರಾಂಶುಪಾಲರ ಮೂರು ಷರತ್ತುಗಳ ಕಥೆ ಎಲ್ಲರಿಗೂ ಗೊತ್ತು. 2017ರಲ್ಲಿ ಬಂದ ಅವರ ‘ತ್ರೀ ಥೌಸಂಡ್ ಸ್ಟಿಚಸ್’ ಪುಸ್ತಕದಲ್ಲಿ ಆ ಕಥೆಯ ಪಕ್ಕದಲ್ಲೇ ಎಲೆಕ್ಟ್ರಿಕಲ್ ವಿಭಾಗದ ಎಲ್.ಜೆ. ನೊರೋನ್ಹಾ ಅವರಂಥ ಅಧ್ಯಾಪಕರ ಹೆಸರುಗಳಿವೆ. ಷರತ್ತುಗಳನ್ನು ನೆನಪಿಟ್ಟುಕೊಂಡ ನಾವು ಆ ಹೆಸರುಗಳನ್ನು ಮಾತ್ರ ಓದಿ ಮರೆತುಬಿಟ್ಟೆವು.

ಸರ್ಕಾರ ಗುರುತಿಸುವುದಿಲ್ಲವೇ? ಗುರುತಿಸುತ್ತದೆ, ತಡವಾಗಿಯಾದರೂ. ಶಾಲಾ ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ 1958ರಿಂದಲೇ ಇದೆ. ಅದೇ ವೇದಿಕೆಗೆ ಉನ್ನತ ಶಿಕ್ಷಣದ ಅಧ್ಯಾಪಕರನ್ನೂ ಕರೆದದ್ದು 2023ರ ಸೆಪ್ಟೆಂಬರ್ 5ರಂದು. ಆಗ ಆಯ್ಕೆಯಾದ 13 ಮಂದಿಯಲ್ಲಿ ಒಬ್ಬರು ನಮ್ಮ ಧಾರವಾಡ ಐಐಟಿಯ ಎಸ್.ಆರ್. ಮಹದೇವ ಪ್ರಸನ್ನ, ಮಾತಿನ ಧ್ವನಿಯನ್ನು ಯಂತ್ರಕ್ಕೆ ತಿಳಿಸುವ ವಿದ್ಯೆಯ ಪ್ರಾಧ್ಯಾಪಕರು. ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ ಕೂಡ ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಉತ್ತಮ ಶಿಕ್ಷಕ ಪ್ರಶಸ್ತಿ ಕೊಟ್ಟಿದೆ. ಇಡೀ ದೇಶಕ್ಕೆ 13 ಎಂದರೆ ಎಷ್ಟಾಯಿತು? ಹಾವೇರಿ ಹತ್ತಿರದ ದೇವಗಿರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ, ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಮೂರನೇ ಸೆಮಿಸ್ಟರ್‌ ತನಕ ಧೈರ್ಯ ತುಂಬುವವರ ಕೆಲಸ ದೆಹಲಿಗೆ ಕಾಣುವ ಜಾತಿಯದ್ದಲ್ಲ.

ಜೊತೆಗೆ, ಇಂಥ ಪ್ರಶಸ್ತಿಗಳ ಸುತ್ತ ಕಾಗದ ಬಹಳ. ಒಳ್ಳೆಯ ಮಾಸ್ತರಿಗೆ ಫೈಲ್ ಕಟ್ಟಲು ಬರಬೇಕೆಂದೇನಿಲ್ಲ. ಫೈಲ್ ಕಟ್ಟುವುದರಲ್ಲಿ ನಿಪುಣರಾದವರಿಗೆ ಪಾಠ ಬರಬೇಕೆಂದೂ ಇಲ್ಲ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾದ ಮೇಲೆ ಮಾನ್ಯತೆಯ ಹೆಸರಿನಲ್ಲಿ ತುಂಬುವ ಕೋಷ್ಟಕಗಳು ಇನ್ನೂ ಬೆಳೆದಿವೆ. ಉದ್ದೇಶ ಒಳ್ಳೆಯದೇ. ಆದರೆ ಸಂಜೆ ಐದಕ್ಕೆ ಸ್ಟಾಫ್ ರೂಮಿನಲ್ಲಿ ಕೋಷ್ಟಕ ತುಂಬುತ್ತ ಕೂತವರ ಬಳಿ ಡೌಟ್ ಕೇಳಲು ಯಾವ ವಿದ್ಯಾರ್ಥಿ ಹೋದಾನು?

ಹಾಗಾದರೆ ವಿದ್ಯಾರ್ಥಿಗಳನ್ನೇ ಕೇಳೋಣ ಎನ್ನಬಹುದು. ಎಐಸಿಟಿಇಯ 2019ರ ನಿಯಮಗಳಲ್ಲಿ ಅಧ್ಯಾಪಕರ ಮೌಲ್ಯಮಾಪನದ 100 ಅಂಕಗಳಲ್ಲಿ 25 ಬೋಧನೆಗೆ, 25 ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಮೀಸಲು. ಇಲ್ಲಿಯೇ ನಾನು ಸ್ವಲ್ಪ ತಡೆಯುತ್ತೇನೆ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಯಾವ ವಿದ್ಯಾರ್ಥಿ ಯಾವ ಅಧ್ಯಾಪಕರ ತರಗತಿಗೆ ಹೋಗಬೇಕೆಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಜಾಲಾಡಿ 2010ರಲ್ಲಿ ಪ್ರಕಟಿಸಿದರು. ಮೊದಲ ಕ್ಯಾಲ್ಕುಲಸ್ ಕೋರ್ಸಿನಲ್ಲಿ ಹೆಚ್ಚು ಅಂಕ ತರಿಸಿ, ವಿದ್ಯಾರ್ಥಿಗಳಿಂದ ಶಹಬ್ಬಾಸ್ ಅನ್ನಿಸಿಕೊಂಡವರ ಶಿಷ್ಯರು ಮುಂದಿನ ಕೋರ್ಸುಗಳಲ್ಲಿ ಹಿಂದೆ ಬಿದ್ದಿದ್ದರು. ಅನುಭವಿ ಅಧ್ಯಾಪಕರಿಗೆ ಆಗ ಸಿಕ್ಕ ಮೆಚ್ಚುಗೆ ಕಡಿಮೆ. ಅವರ ಶಿಷ್ಯರ ಬುನಾದಿ ಮಾತ್ರ ಗಟ್ಟಿಯಾಗಿತ್ತು. ನಮ್ಮಲ್ಲಿ ‘ಇಂಪಾರ್ಟೆಂಟ್ ಕ್ವೆಶ್ಚನ್’ ಗುರುತು ಹಾಕಿಕೊಡುವ ಸರ್‌ಗೆ ಸಿಗುವ ಜನಪ್ರಿಯತೆ ನೆನೆಸಿಕೊಂಡರೆ ಇದಕ್ಕೆ ಬೇರೆ ವಿವರಣೆ ಬೇಡ.

ಅಂದರೆ ಪಾಠದ ಬೆಲೆ ಗೊತ್ತಾಗುವುದು ಮುಂದಿನ ಸೆಮಿಸ್ಟರಿನಲ್ಲಿ. ಇದನ್ನು ಅಳೆಯಲು ಬೇಕಾದ ಸಾಮಗ್ರಿ ನಮ್ಮಲ್ಲೇ ಇದೆ. 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಳಿ ಪ್ರತಿ ವಿದ್ಯಾರ್ಥಿಯ ಪ್ರತಿ ಸೆಮಿಸ್ಟರಿನ ಅಂಕ ಇದೆ. ಯಾವ ಸೆಕ್ಷನ್ನಿಗೆ ಯಾರು ಕಲಿಸಿದರೆಂಬುದು ಕಾಲೇಜಿನ ಟೈಮ್‌ಟೇಬಲ್ಲಿನಲ್ಲೇ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ಮುಂದಿನ ವಿಷಯ ಕಲಿಸಿದವರನ್ನು ‘ನಿಮಗೆ ಯಾರ ಶಿಷ್ಯರು ಹದವಾಗಿ ಬಂದರು?’ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ನಮ್ಮಲ್ಲಿ ಚೀಟಿ ಎತ್ತುವ ಪದ್ಧತಿ ಇಲ್ಲದಿರುವುದರಿಂದ ಲೆಕ್ಕ ಅಷ್ಟು ಸ್ವಚ್ಛವಾಗಿರದು, ಒಪ್ಪುತ್ತೇನೆ. ಫೈಲಿಗಿಂತ ಸ್ವಚ್ಛವಾಗಿರುತ್ತದೆ.

ಪಾಠದ ಬಗ್ಗೆ ವಿಚಾರ ಮಾಡುವುದರಲ್ಲಿ ಹುಬ್ಬಳ್ಳಿ ಹಿಂದೆ ಬಿದ್ದಿಲ್ಲ ಎಂಬುದು ಸಮಾಧಾನ. ಎಂಜಿನಿಯರಿಂಗ್ ಕಲಿಸುವುದನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡ ಅಂತರರಾಷ್ಟ್ರೀಯ ಸಮ್ಮೇಳನ 2014ರ ಜನವರಿಯಲ್ಲಿ ಬಿವಿಬಿಯಲ್ಲಿ ನಡೆಯಿತು. ಮರುವರ್ಷ ಆ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ ಮೊದಲ ವರ್ಷದವರು ಬೇರೆ ಬೇರೆ ವಿಭಾಗಗಳ ಅಧ್ಯಾಪಕರ ಕೈಕೆಳಗೆ ತಾವೇ ಏನಾದರೂ ಕಟ್ಟಿ, ಕೆಡವಿ, ಮತ್ತೆ ಕಟ್ಟುವ ಕೋರ್ಸೂ ಇದೆ. ಪಾಠ ಮಾಡುವುದೂ ವಿಚಾರ ಮಾಡಬೇಕಾದ ಕೆಲಸ ಎಂದು ಒಪ್ಪಿಕೊಂಡ ಕಡೆ ಒಳ್ಳೆಯ ಮಾಸ್ತರು ಸಹೋದ್ಯೋಗಿಗಳ ಕಣ್ಣಿಗಾದರೂ ಬೀಳುತ್ತಾರೆ.

ಉಳಿದ ಕೆಲಸ ಹಳೆಯ ವಿದ್ಯಾರ್ಥಿಗಳದ್ದು. ಯಲವಿಗಿಯಲ್ಲೋ ಸವಣೂರಿನಲ್ಲೋ ಗಾಡಿ ಹತ್ತಿ ಹೋಗಿ ಓದಿ, ಈಗ ಬೆಂಗಳೂರಿನಲ್ಲೋ ಬೋಸ್ಟನ್ನಿನಲ್ಲೋ ಇರುವವರು ಒಂದು ಹಾಳೆ ಬರೆಯಿರಿ. ಯಾವ ವಿಷಯ, ಯಾವ ಸರ್ ಅಥವಾ ಮೇಡಂ, ಅವರು ಕಲಿಸಿದ್ದು ಇವತ್ತು ನಿಮ್ಮ ಯಾವ ಕೆಲಸಕ್ಕೆ ಬರುತ್ತಿದೆ, ಇಷ್ಟು ಸಾಕು. ಒಂದು ಪ್ರತಿ ಅವರಿಗೆ ಕಳಿಸಿ. ಇನ್ನೊಂದನ್ನು ಪ್ರಾಂಶುಪಾಲರಿಗೆ ಕಳಿಸಿ, ಫೈಲಿಗೆ ಸೇರಲಿ.