ಕೆರೆಗೆ ನೀರು ಬಂದ ಮೇಲೆ: ಪಟ್ಟಣಗಳನ್ನು ಉಳಿಸಿಕೊಳ್ಳುವ ಸಾಮೂಹಿಕ ಕಾಯಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ಭಾಗದ ಸದ್ಭಕ್ತರು ಸೇರಿದಲ್ಲೆಲ್ಲ ಮೊದಲು ಬರುವ ಮಾತು ಕೆರೆಯದು. ಮಳೆಯನ್ನೇ ನಂಬಿ ಬದುಕಿದ ಈ ಸೀಮೆಯಲ್ಲಿ ಕೆರೆ ತುಂಬುವುದೆಂದರೆ ಊರಿಗೆ ಊರೇ ಹಬ್ಬ ಮಾಡುವ ಸಂಗತಿ. ನದಿಯ ನೀರನ್ನು ಎತ್ತಿ ಕೆರೆಗಳಿಗೆ ಹರಿಸಬೇಕೆಂಬ ಈ ಭಾಗದ ಜನರ ಬಹುಕಾಲದ ಹಂಬಲ ಏತ ನೀರಾವರಿ ಯೋಜನೆಗಳ ರೂಪದಲ್ಲಿ ಕೈಗೂಡುತ್ತಿದೆ. ನೀರು ತರುವುದು ಸರ್ಕಾರದ ಕೆಲಸ. ಬಂದ ನೀರನ್ನು ಕೊಳಕಾಗದಂತೆ ಕಾಯುವುದು ಯಾರ ಕೆಲಸ? ಈ ಪ್ರಶ್ನೆಯನ್ನು ನಾವು ನಮ್ಮ ಪಟ್ಟಣಗಳ ಮಟ್ಟಿಗೆ ವಿಚಾರಿಸಬೇಕಾಗಿದೆ.

ಐದು ತಾಲ್ಲೂಕುಗಳ ನೀರಿನ ನೆಲೆ

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರೂಪುಗೊಂಡ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿದವು ಈ ಐದು. ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ತುಂಗಭದ್ರೆಯ ದಂಡೆಯನ್ನು ಮುಟ್ಟುತ್ತವೆ. ಕೂಡ್ಲಿಗಿ ಮತ್ತು ಕೊಟ್ಟೂರು ತಾಲ್ಲೂಕುಗಳಿಗೆ ಆ ಭಾಗ್ಯವಿಲ್ಲ. ಹಗರಿಬೊಮ್ಮನಹಳ್ಳಿಗೆ ಚಿಕ್ಕಹಗರಿಯ ಹೊಳೆ ಮತ್ತು ಮಾಲವಿ ಜಲಾಶಯದ ಆಸರೆಯಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿಯೇ ಸಿದ್ಧವಾದರೂ ಅದರ ಕಾಲುವೆಗಳು ಹರಿದದ್ದು ಅಣೆಕಟ್ಟಿನ ಕೆಳಗಿನ ಸೀಮೆಗೆ. ಮೇಲ್ಭಾಗದ ಎತ್ತರದ ನೆಲಕ್ಕೆ ನೀರು ತಾನಾಗಿ ಏರಿ ಬರುವುದಿಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ನೆಚ್ಚಲಾಗದ ಮಳೆ. ಆಳಕ್ಕೆ ಕೊರೆದ ಕೊಳವೆಬಾವಿಗಳಲ್ಲಿ ಅನೇಕ ಕಡೆ ಫ್ಲೋರೈಡ್ ಬೆರೆತ ನೀರು.

ಇಂಥ ನೆಲದಲ್ಲಿ ಕೆರೆ ತುಂಬಿಸುವ ಯೋಜನೆಗಳ ಬೆಲೆ ಏನೆಂದು ಹೇಳಬೇಕಾಗಿಲ್ಲ. ಪಕ್ಕದ ಜಗಳೂರು ಸೀಮೆಯ 57 ಕೆರೆಗಳಿಗೆ ಮತ್ತು ಭರಮಸಾಗರ ಭಾಗದ ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆಗಳ ಹಿಂದೆ ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮೀಜಿಯವರ ನಿರಂತರ ಒತ್ತಾಸೆಯಿದ್ದುದು ನಾಡಿಗೆ ತಿಳಿದಿದೆ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೂ ಹರಪನಹಳ್ಳಿ ತಾಲ್ಲೂಕಿನ 60 ಕೆರೆಗಳಿಗೂ ಇಂಥದೇ ಯೋಜನೆಗಳು ರೂಪುಗೊಂಡವು. ಇವೆಲ್ಲ ಜನರು ಒಗ್ಗೂಡಿ ಕೇಳಿದ್ದರ ಫಲ. ದಾವಣಗೆರೆ ಜಿಲ್ಲೆಗೆ 1997ರಲ್ಲಿ ಸೇರಿದ್ದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಮರಳಿ 371 ಜೆ ಸೌಲಭ್ಯ ಪಡೆದದ್ದು, ಕೂಡ್ಲಿಗಿಯಿಂದ ಬೇರ್ಪಟ್ಟು ಕೊಟ್ಟೂರು ಸ್ವತಂತ್ರ ತಾಲ್ಲೂಕಾದದ್ದು ಕೂಡ ಹಾಗೆಯೇ. ಒಗ್ಗೂಡಿ ಕೇಳುವ ಕಲೆ ನಮ್ಮ ಜನಕ್ಕೆ ಗೊತ್ತಿದೆ. ಒಗ್ಗೂಡಿ ಕಾಯುವ ಕಲೆಯನ್ನು ಇನ್ನು ರೂಢಿಸಿಕೊಳ್ಳಬೇಕು.

ಪಟ್ಟಣ ಬೆಳೆದಂತೆ ಕೆರೆಗೆ ಆಗುವುದೇನು?

ಹಳ್ಳಿಯ ಕೆರೆ ಹೂಳಿನಿಂದ ಸೊರಗಿದರೆ ಪಟ್ಟಣದ ಕೆರೆ ಕೊಳಚೆಯಿಂದ ಸಾಯುತ್ತದೆ. ಊರಿನ ತಗ್ಗಿನಲ್ಲಿ ಕೆರೆಯಿರುತ್ತದೆ. ಚರಂಡಿಗಳೂ ಸಹಜವಾಗಿ ತಗ್ಗಿಗೇ ಹರಿಯುತ್ತವೆ. ಒಳಚರಂಡಿಯೂ ಶುದ್ಧೀಕರಣ ಘಟಕವೂ ಸರಿಯಾಗಿಲ್ಲದ ಊರಿನಲ್ಲಿ ಸ್ನಾನದ ಮನೆಯ ನೀರು, ಸಾಬೂನಿನ ನೊರೆ, ಶೌಚಗುಂಡಿಯ ಸೋರಿಕೆ ಎಲ್ಲವೂ ಮಳೆನೀರಿನ ಕಾಲುವೆ ಸೇರಿ ಕೆರೆಗೆ ಬರುತ್ತವೆ. ಕೊಳಚೆಯಲ್ಲಿರುವ ಸಾರಜನಕ ಮತ್ತು ರಂಜಕವನ್ನು ಉಂಡು ಪಾಚಿ ಮತ್ತು ಅಂತರಗಂಗೆ ಹಬ್ಬುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ, ಮೀನುಗಳು ಸಾಯುತ್ತವೆ, ಸೊಳ್ಳೆ ಹೆಚ್ಚುತ್ತದೆ. ಅದೇ ನೀರು ಇಂಗಿ ಸುತ್ತಲಿನ ಕೊಳವೆಬಾವಿ ಸೇರುತ್ತದೆ. ಹೊಸ ಬಡಾವಣೆಗಳು ಎದ್ದಂತೆ ಕೆರೆಗೆ ಮಳೆನೀರು ತರುತ್ತಿದ್ದ ಹಳ್ಳಗಳು ಕಿರಿದಾಗಿ, ಚೊಕ್ಕ ನೀರಿನ ದಾರಿ ಮುಚ್ಚಿ, ಕೊಳಕು ನೀರಿನ ದಾರಿ ಮಾತ್ರ ತೆರೆದಿರುತ್ತದೆ.

ಇಂಥ ಕೆರೆಗೆ ನೂರಾರು ಕೋಟಿ ರೂಪಾಯಿಯ ಕೊಳವೆಮಾರ್ಗದಿಂದ ನದಿಯ ನೀರು ತಂದು ಸುರಿದರೂ ಫಲವೇನು? ಹಾಲಿನ ಪಾತ್ರೆಯನ್ನು ತೊಳೆಯದೆ ಹಾಲು ಹೊಯ್ದಂತೆ ಆದೀತು. ಆದುದರಿಂದ ಕೆರೆಯ ಪ್ರಶ್ನೆ ಕಸದ ಪ್ರಶ್ನೆಯೂ ಹೌದು, ಚರಂಡಿಯ ಪ್ರಶ್ನೆಯೂ ಹೌದು, ನಮ್ಮ ಅಡುಗೆಮನೆಯ ಪ್ರಶ್ನೆಯೂ ಹೌದು.

ಕಾನೂನು ಖಾಲಿ ಬಿಟ್ಟ ಜಾಗ

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ನಗರಾಡಳಿತಕ್ಕೆ ಬಲ ತಂದಿತು. ಅದರಂತೆ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಕಡ್ಡಾಯ. ನಮ್ಮ ಐದೂ ಪಟ್ಟಣಗಳು ಈ ಮಿತಿಗಿಂತ ಬಹಳ ಕೆಳಗಿವೆ. ಹಳ್ಳಿಯಲ್ಲಿ ಗ್ರಾಮಸಭೆಯುಂಟು, ಮಹಾನಗರದಲ್ಲಿ ವಾರ್ಡ್ ಸಮಿತಿಯುಂಟು. ನಡುವಿನ ಸಣ್ಣ ಪಟ್ಟಣದ ನಾಗರಿಕನಿಗೆ ಕುಳಿತು ಮಾತನಾಡಲು ಕಾನೂನು ಕಡ್ಡಾಯ ಮಾಡಿದ ಇಂಥ ಜಗಲಿ ಇಲ್ಲ. ಐದು ವರ್ಷಕ್ಕೊಮ್ಮೆ ಮತ ಹಾಕಿದ ಮೇಲೆ ಅವನು ಅರ್ಜಿದಾರನಾಗಿ ಮಾತ್ರ ಉಳಿಯುತ್ತಾನೆ.

ಈ ಖಾಲಿ ಜಾಗವನ್ನು ಜನರೇ ತುಂಬಿಕೊಳ್ಳಬೇಕು. ಅದಕ್ಕೆ ಅಡ್ಡಿಯಿಲ್ಲ, ಆಧಾರಗಳೂ ಇವೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ, ಒಣ ಮತ್ತು ಅಪಾಯಕಾರಿ ಕಸವನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು ವಿಧಿಸಿದವು. ಅದೇ ವರ್ಷ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಕೆರೆ, ಕುಂಟೆ, ಅರಣ್ಯಗಳು ಸಮುದಾಯದ ಸಂಪತ್ತು ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿಯೇ ಹೇಳಿದೆ. ಕೆರೆಯ ಸರ್ವೆ ನಕ್ಷೆ, ವಿಸ್ತೀರ್ಣ, ಒತ್ತುವರಿಯ ವಿವರವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು.

ಮಾಡಿ ತೋರಿಸಿದವರು

ದೂರ ಹೋಗಬೇಕಿಲ್ಲ, ತುಂಗಭದ್ರೆಯ ಆಚೆ ದಡದಲ್ಲಿ ಕೊಪ್ಪಳವಿದೆ. ಅಲ್ಲಿಯ ಹಿರೇಹಳ್ಳ ಹೂಳು, ಜಾಲಿ ಮತ್ತು ಕಸದಿಂದ ಮುಚ್ಚಿಹೋಗಿತ್ತು. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಸ್ವತಃ ಹಳ್ಳಕ್ಕಿಳಿದರು. ಗುರುಗಳು ಕೆಸರಿಗಿಳಿದ ಮೇಲೆ ಭಕ್ತರು ದಂಡೆಯ ಮೇಲೆ ನಿಲ್ಲಲಿಲ್ಲ. ರೈತರು, ವ್ಯಾಪಾರಿಗಳು, ನೌಕರರು, ವಿದ್ಯಾರ್ಥಿಗಳು ಕೈಜೋಡಿಸಿದರು. ಯಂತ್ರ ಇದ್ದವರು ಯಂತ್ರ ಕೊಟ್ಟರು, ಹಣ ಇದ್ದವರು ಹಣ ಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಹಳ್ಳ ಮತ್ತೆ ಹರಿಯುವ ರೂಪ ಪಡೆಯಿತು.

ಬೆಂಗಳೂರಿನ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯದು ಇನ್ನೊಂದು ಬಗೆಯ ಪಾಠ. ನೆರೆಹೊರೆಯ ಕೆಲವು ನಿವಾಸಿಗಳು 2010ರಲ್ಲಿ ಒಂದು ವಿಶ್ವಸ್ಥ ಮಂಡಳಿ ಕಟ್ಟಿಕೊಂಡು, ಮರುವರ್ಷ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆಯನ್ನು ವಹಿಸಿಕೊಂಡರು. ಸುತ್ತಲಿನ ಕಟ್ಟಡಗಳಿಂದ ಮಳೆನೀರಿನ ದಾರಿ ಕಟ್ಟಿಹೋಗಿದ್ದಾಗ, ಹತ್ತಿರದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೆರೆಗೆ ಹರಿಸುವ ಉಪಾಯ ಕಂಡುಕೊಂಡರು. ಕೊಪ್ಪಳದಲ್ಲಿ ಸಾವಿರ ಕೈಗಳ ಬಲವಿತ್ತು. ಪುಟ್ಟೇನಹಳ್ಳಿಯಲ್ಲಿ ಕೆಲವೇ ಜನರ ದಿನನಿತ್ಯದ ನಿಗಾ ಇತ್ತು. ಕೆರೆಯನ್ನು ಎಬ್ಬಿಸಲು ಮೊದಲನೆಯದು ಬೇಕು, ಉಳಿಸಲು ಎರಡನೆಯದು ಬೇಕು.

ಕಸದ ವಿಷಯದಲ್ಲಿ ಮೈಸೂರಿನ ಕುಂಬಾರಕೊಪ್ಪಲಿನ ಘಟಕವನ್ನು ನೋಡಬಹುದು. ನಾಗರಿಕರ ಒಕ್ಕೂಟ ಮುಂದೆ ನಿಂತು, ಬಡಾವಣೆಯ ಕಸವನ್ನು ಬೇರ್ಪಡಿಸಿ, ಹಸಿ ಕಸವನ್ನು ಗೊಬ್ಬರವಾಗಿಸಿ, ಒಣ ಕಸವನ್ನು ಮಾರಿ ಘಟಕ ನಡೆಸಿದ ಮಾದರಿ ಅದು.

ನಮ್ಮ ಅಂಗಳದಲ್ಲಿಯೇ ಹೆಮ್ಮೆಪಡುವ ಉದಾಹರಣೆಯೊಂದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ನೀರಾವರಿಗಾಗಿ ಹಿಂದಿನವರು ಕಟ್ಟಿದ ಒಂದು ಊರ ಕೆರೆ. ಅಲ್ಲಿಯ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿದವು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎನಿಸಿತು. ಸಂರಕ್ಷಣಾ ಮೀಸಲು ಎಂದರೆ ಜನರನ್ನು ಹೊರಗಿಟ್ಟು ಬೇಲಿ ಹಾಕುವ ವ್ಯವಸ್ಥೆಯಲ್ಲ. ಸ್ಥಳೀಯರೊಡನೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು ಎಂದು ಕಾನೂನೇ ಹೇಳುತ್ತದೆ.

ಶರಣರು ತೋರಿದ ದಾರಿ

ಇದಾವುದೂ ನಮ್ಮ ಪರಂಪರೆಗೆ ಹೊಸತಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಶಿವಪೂಜೆಯೆಂದು ಬಗೆದವರು. ಸೊಲ್ಲಾಪುರದ ಕೆರೆ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ನಮಗೆ ಸಲ್ಲದೆಂದು ಹಿಂದಿರುಗಿಸಲು ಹೇಳಿದವರು ಲಕ್ಕಮ್ಮ. ಇಂದು ಜಗತ್ತು ಸುಸ್ಥಿರ ಬದುಕು ಎಂದು ಕರೆಯುವುದರ ತಿರುಳು ಆ ಮಾತಿನಲ್ಲಿದೆ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕ ಶರಣೆಯರ ಸಾಲಿನಲ್ಲಿ ಗೌರವದಿಂದ ನಿಂತವರು. ಹಾಗಿದ್ದ ಮೇಲೆ ನಸುಕಿನಲ್ಲಿ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರ ಕೈಗೆ ಬೆರಕೆ ಕಸವನ್ನು, ಅದರೊಳಗೆ ಒಡೆದ ಗಾಜನ್ನು ಸುರಿಯುವುದು ಯಾವ ಕಾಯಕ ನಿಷ್ಠೆ? ಕಸವನ್ನು ಬೇರ್ಪಡಿಸಿ ಕೊಡುವುದು ನೈರ್ಮಲ್ಯಕ್ಕೆ ಮಾತ್ರವಲ್ಲ, ಇನ್ನೊಬ್ಬರ ಕಾಯಕದ ಘನತೆಗೂ ಸಂಬಂಧಿಸಿದ್ದು.

ಆರಂಭ ಎಲ್ಲಿಂದ?

ಮೊದಲನೆಯದು ಬೀದಿ. ಮೂವತ್ತು ನಲವತ್ತು ಮನೆಗಳ ಒಂದು ಬಳಗ ಸಾಕು. ತಿಂಗಳಿಗೊಮ್ಮೆ ಸೇರಿ ಕಸ, ಚರಂಡಿ, ನೀರಿನ ವಿಚಾರ ಮಾತನಾಡಲಿ. ನಿರ್ಣಯ ಬರೆದಿಟ್ಟು ಪುರಸಭೆಗೆ ಅಥವಾ ಪಟ್ಟಣ ಪಂಚಾಯಿತಿಗೆ ಕೊಡಲಿ. ಒಂದು ಅಂದಾಜು ಲೆಕ್ಕ ನೋಡಿ: ತಲೆಗೆ ದಿನಕ್ಕೆ 300 ಗ್ರಾಂ ಕಸವೆಂದರೆ 30 ಸಾವಿರ ಜನರ ಊರಿನಲ್ಲಿ ದಿನಕ್ಕೆ 9 ಟನ್. ಮನೆಯ ಕಸದಲ್ಲಿ ಸಾಮಾನ್ಯವಾಗಿ ಅರ್ಧಕ್ಕೂ ಹೆಚ್ಚು ಹಸಿ ಕಸ. ಅದು ಹಿತ್ತಲಿನ ಗುಂಡಿಯಲ್ಲಿಯೇ ಗೊಬ್ಬರವಾದರೆ ಊರ ಹೊರಗಿನ ಕಸದ ರಾಶಿ ಅರ್ಧಕ್ಕಿಳಿಯುತ್ತದೆ.

ಎರಡನೆಯದು ಮಾಳಿಗೆ. 1000 ಚದರಡಿ ಮಾಳಿಗೆಯ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 55 ಸಾವಿರ ಲೀಟರ್ ನೀರಾಗುತ್ತದೆ. ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 44 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಐದು ಜನರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 50 ಲೀಟರ್ ಎಂದರೆ ವರ್ಷಕ್ಕೆ 18 ಸಾವಿರ ಲೀಟರ್ ಚಿಲ್ಲರೆ. ಶುಚಿಯಾಗಿ ಹಿಡಿದು, ಶೋಧಿಸಿ ಇಟ್ಟ ಮಳೆನೀರಿನಲ್ಲಿ ಫ್ಲೋರೈಡಿನ ಭಯವೂ ಇಲ್ಲ.

ಮೂರನೆಯದು ಕೆರೆ. ಪ್ರತಿ ಪಟ್ಟಣದ ಕೆರೆಗೂ ಒಂದು ಕಾವಲು ಸಮಿತಿ ಬೇಕು. ಅಚ್ಚುಕಟ್ಟಿನ ರೈತರು, ಮೀನುಗಾರರು, ಬಟ್ಟೆ ಒಗೆಯುವವರು, ಕೆರೆದಂಡೆಯ ನಿವಾಸಿಗಳು, ಶಿಕ್ಷಕರು, ಎಲ್ಲ ಸಮುದಾಯದ ಮಹಿಳೆಯರು ಅದರಲ್ಲಿರಬೇಕು. ಒಂದೇ ಜಾತಿಯ, ಒಂದೇ ಪಕ್ಷದ ಸಮಿತಿಯಾದರೆ ಅದು ಮೊದಲ ಚುನಾವಣೆಗೇ ಒಡೆಯುತ್ತದೆ. ಕೆರೆಯ ನಕ್ಷೆ ಪಡೆದು ಗಡಿ ಗುರುತಿಸುವುದು, ಕೊಳಚೆ ಸೇರುವ ಬಾಯಿಗಳನ್ನು ಪಟ್ಟಿ ಮಾಡುವುದು, ಮಳೆಗಾಲಕ್ಕೆ ಮುನ್ನ ಹಳ್ಳಗಳನ್ನು ಸ್ವಚ್ಛ ಮಾಡಿಸುವುದು ಅದರ ವಾರ್ಷಿಕ ಕೆಲಸ. ಹೂಳೆತ್ತುವಾಗ ಏರಿಯ ಬುಡವನ್ನು ಕೆದಕದಂತೆ ಎಂಜಿನಿಯರುಗಳ ಸಲಹೆ ಪಡೆಯಬೇಕು; ಎತ್ತಿದ ಹೂಳು ಹೊಲಗಳಿಗೆ ಹೋಗಬೇಕು. ಜನರ ಸಮಿತಿ ರಚಿಸಿಯೇ ಕೆರೆ ಕೆಲಸ ಕೈಗೊಳ್ಳುವ ಪದ್ಧತಿಯನ್ನು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮದಲ್ಲಿಯೂ ಕಾಣಬಹುದು.

ನಾಲ್ಕನೆಯದು ಜಾತ್ರೆ. ಕೊಟ್ಟೂರಿನ ಶ್ರೀ ಗುರುಬಸವೇಶ್ವರ ರಥೋತ್ಸವಕ್ಕೆ ನಾನಾ ಊರುಗಳಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ದಾಸೋಹ ನಡೆಯುತ್ತದೆ. ಮೈಲಾರದ ಕಾರಣಿಕ, ಕುರುವತ್ತಿಯ ಜಾತ್ರೆ, ಉಜ್ಜಯಿನಿಯ ಉತ್ಸವಗಳಲ್ಲಿಯೂ ಜನಸಾಗರ ಸೇರುತ್ತದೆ. ದಾಸೋಹ ಪವಿತ್ರವಾದುದು, ಆದರೆ ಅದರ ಹಿಂದೆ ರಸ್ತೆಬದಿಯಲ್ಲಿ ಉಳಿಯುವ ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣಗಳು ಮಳೆ ಬಂದಾಗ ಹಳ್ಳ ಹಿಡಿದು ಕೆರೆ ಸೇರುತ್ತವೆ. ಸ್ಟೀಲ್ ತಟ್ಟೆ, ಮುತ್ತುಗದ ಎಲೆ, ತೊಳೆದು ಬಳಸುವ ಲೋಟ, ಪಾದಯಾತ್ರಿಗಳ ಹೆಗಲಲ್ಲಿ ಒಂದು ನೀರಿನ ಬಾಟಲಿ — ಇಷ್ಟನ್ನು ದಾಸೋಹ ನಡೆಸುವವರು ಮತ್ತು ಪಾದಯಾತ್ರಿಗಳು ಒಟ್ಟಾಗಿ ನಿಶ್ಚಯಿಸಿದರೆ ಯಾವ ಆದೇಶವೂ ಬೇಕಾಗದು.

ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವನ್ನು ಇರಿಸಿಕೊಂಡ ಹುತಾತ್ಮರ ಸ್ಮಾರಕ ಕೂಡ್ಲಿಗಿಯಲ್ಲಿದೆ. ಪೊರಕೆ ಹಿಡಿಯುವುದನ್ನೂ ದೇಶಸೇವೆಯೆಂದು ಕಲಿಸಿದವರ ನೆನಪು ನಮ್ಮ ನಡುವಿದೆ. ಕಾಯಕವನ್ನೇ ಕೈಲಾಸವೆಂದು ಬಗೆದ ಶರಣರ ನೆನಪೂ ಇದೆ. ಬರುವ ಮಳೆಗಾಲಕ್ಕೆ ಮುನ್ನ ಐದೂ ಪಟ್ಟಣಗಳ ಸದ್ಭಕ್ತರು ತಮ್ಮ ಬೀದಿಯಲ್ಲಿ ಒಂದು ಬಳಗವನ್ನು, ತಮ್ಮ ಕೆರೆಗೆ ಒಂದು ಕಾವಲು ಸಮಿತಿಯನ್ನು ಕಟ್ಟಿಕೊಳ್ಳಲಿ ಎಂಬುದು ನಮ್ಮ ವಿನಂತಿ. ನದಿಯಿಂದ ಏರಿ ಬಂದ ನೀರು ನಮ್ಮ ಮಕ್ಕಳಿಗೂ ನೀರಾಗಿಯೇ ದಕ್ಕಲಿ.